ಕೊಟ್ಟಿಗೆಯಲ್ಲಿ ನಿಂತ ಯೆಜ್ಡಿ



ಎಂಜಿನ್ನೊಂದನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದನ್ನು ಪರದೆಯ ಮೇಲೆ ಅರ್ಧ ಗಂಟೆಯಲ್ಲಿ ತೋರಿಸಿಬಿಡಬಹುದು. ನೋಡುವವರಿಗೆ ಅದು ಬಹಳ ಸುಲಭವೆನಿಸುತ್ತದೆ. ನಿಜವಾದ ಕೆಲಸದಲ್ಲಿ ಮುಕ್ಕಾಲು ಪಾಲು ಸಮಯ ಯೋಚಿಸುವುದಕ್ಕೇ ಹೋಗುತ್ತದೆ. ಆ ಯೋಚನೆ ಪರದೆಯ ಮೇಲೆ ಕಾಣುವಂಥದ್ದಲ್ಲ. ಅದನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತೇನೆ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ, ಮಿಡಿಗೇಶಿಯ ಆಸುಪಾಸಿನಲ್ಲಿ ಒಂದು ಹಳ್ಳಿ. ಅಲ್ಲಿನ ನನ್ನ ಪರಿಚಿತರೊಬ್ಬರ ಕೊಟ್ಟಿಗೆಯಲ್ಲಿ, ಕಡಲೆಕಾಯಿ ಬಳ್ಳಿಯ ಮೇವಿನ ಹಿಂದೆ, ಒಂದು ಯೆಜ್ಡಿ ರೋಡ್‌ಕಿಂಗ್ ಇಪ್ಪತ್ತು ವರ್ಷಕ್ಕೂ ಮೇಲೆ ನಿಂತಿತ್ತು. ಅದನ್ನು ಕೊಂಡವರು ಪರಿಚಿತರ ತಂದೆ, ಊರಿನ ಶಾಲೆಯ ಮೇಷ್ಟ್ರು. ಮೇಷ್ಟ್ರು ತೀರಿಕೊಂಡ ಮೇಲೆ ಗಾಡಿಯನ್ನು ಯಾರೂ ಮುಟ್ಟಲಿಲ್ಲ. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದಾಗ, ಪಿ.ಯು.ಸಿ. ಓದುತ್ತಿದ್ದ ಮೊಮ್ಮಗ ಅಡ್ಡ ಬಂದ. "ಒಂದು ವರ್ಷ ಟೈಮು ಕೊಡಪ್ಪ, ನಡೆಯದಿದ್ದರೆ ನಾನೇ ಗುಜರಿಗೆ ಹಾಕಿಸ್ತೀನಿ" ಎಂದ. ಅಪ್ಪ ಒಪ್ಪಿದರು. ಆದರೆ ಒಂದು ಮಾತು ಸೇರಿಸಿದರು: "ಈ ಗಾಡಿಗೆ ನಿಮ್ಮ ತಾತ ಎರಡು ಸಲ ಬೋರ್ ಮಾಡಿಸಿದ್ರು. ಎರಡು ಸಲವೂ ಹಿಡಕೊಂಡು ನಿಂತುಹೋಯ್ತು. ಇದರ ಜಾತಕವೇ ಸರಿ ಇಲ್ಲ."

ಈ ಲೇಖನ ಆ ಜಾತಕವನ್ನು ಕುರಿತದ್ದು.

ಮೊದಲು ಗಾಡಿಯ ಪರಿಚಯ. ಜಾವಾ ಎಂಬುದು 1929ರಲ್ಲಿ ಅಂದಿನ ಚೆಕೋಸ್ಲೊವಾಕಿಯದಲ್ಲಿ ಹುಟ್ಟಿದ ಹೆಸರು. ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಅದನ್ನು ಮಾಡಿದರು. ನಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಈ ಮೋಟಾರ್‌ಸೈಕಲ್ಲುಗಳ ತಯಾರಿಕೆ ಆರಂಭಿಸಿತು. 1973ರಿಂದ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂದಾಗ, ವೇಗದ ಗಾಡಿ ಬೇಕೆನ್ನುವ ಕಾಲೇಜು ಹುಡುಗರ ಕಣ್ಣು ಅದರ ಮೇಲೆ ಬಿತ್ತು. ಆಗ ಮದರಾಸಿನ ಬಳಿಯ ಶೋಲಾವರಂನ ಹಳೆಯ ವಿಮಾನದ ಓಡುದಾರಿಯಲ್ಲಿ ಮೋಟಾರ್‌ಸೈಕಲ್ ಪಂದ್ಯಗಳು ನಡೆಯುತ್ತಿದ್ದವು. ಯೆಜ್ಡಿಗಳೂ ಅಲ್ಲಿ ಓಡುತ್ತಿದ್ದವು. ಮುಂದೆ 1983ರಲ್ಲಿ ಎರಡು ಸಿಲಿಂಡರಿನ ರಾಜ್‌ದೂತ್ 350, 1985ರಲ್ಲಿ ಹಗುರವಾದ ಆರ್‌ಎಕ್ಸ್ 100 ಬಂದವು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಬೇರೊಂದು ಕಂಪನಿಯ ಮೂಲಕ ಮರಳಿ ಬಂದಿವೆ. ಆದರೆ ಅವು ಫೋರ್ ಸ್ಟ್ರೋಕ್ ಎಂಜಿನ್ನಿನ ಬೇರೆಯೇ ಗಾಡಿಗಳು. ಅವುಗಳ ಭಾಗ ಹಳೆಯದಕ್ಕೆ ಹೊಂದುವುದಿಲ್ಲ. ಹಳೆಯ ಯೆಜ್ಡಿಯ ಒಂದು ಮೂಲ ಭಾಗ ಮುರಿದರೆ ಅದನ್ನು ಎರಕ ಹೊಯ್ದ ಕಾರ್ಖಾನೆ ಇಂದು ಇಲ್ಲ ಎಂಬುದನ್ನು ಸುತ್ತಿಗೆ ಎತ್ತುವ ಮೊದಲು ನೆನೆಯಬೇಕು.

ಎಂಜಿನ್ನೆಂಬ ತಿದಿ

ರೋಡ್‌ಕಿಂಗ್, ರಾಜ್‌ದೂತ್ 350, ಆರ್‌ಎಕ್ಸ್ 100 ಈ ಮೂರೂ ಟೂ ಸ್ಟ್ರೋಕ್ ಗಾಡಿಗಳು. ಟೂ ಸ್ಟ್ರೋಕ್ ಎಂದರೇನೆಂದು ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಚಿತ್ರವಿರಬಹುದು. ಆ ಚಿತ್ರದಲ್ಲಿ ಎಲ್ಲರ ಕಣ್ಣೂ ಪಿಸ್ಟನ್ನಿನ ಮೇಲ್ಭಾಗಕ್ಕೆ, ಕಿಡಿ ಹಾರುವ ಕಡೆಗೆ ಹೋಗುತ್ತದೆ. ನೀವು ಒಮ್ಮೆ ಕೆಳಗೆ ನೋಡಿ.

ಕುಲುಮೆಯ ತಿದಿಯನ್ನು ನೋಡಿದ್ದೀರಲ್ಲವೇ? ಎಳೆದಾಗ ಗಾಳಿ ಒಳಗೆ, ಒತ್ತಿದಾಗ ಹೊರಗೆ. ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ತಿರುಗುವ ಕೋಣೆ ಅಂಥದೇ ಒಂದು ತಿದಿ. ಪಿಸ್ಟನ್ ಮೇಲಕ್ಕೆ ಹೋದಾಗ ಕೆಳಗಿನ ಕೋಣೆಯಲ್ಲಿ ಒತ್ತಡ ಇಳಿಯುತ್ತದೆ. ಕಾರ್ಬೊರೇಟರಿನ ಮೂಲಕ ಗಾಳಿ, ಪೆಟ್ರೋಲು ಮತ್ತು ಎಣ್ಣೆಯ ಮಿಶ್ರಣ ಒಳಗೆ ಬರುತ್ತದೆ. ಅದೇ ಕ್ಷಣದಲ್ಲಿ ಪಿಸ್ಟನ್ನಿನ ಮೇಲೆ ಹಿಂದಿನ ಸುತ್ತಿನ ಮಿಶ್ರಣ ಒತ್ತಿಕೊಂಡು ಕಿಡಿಗೆ ಕಾಯುತ್ತಿರುತ್ತದೆ. ಕಿಡಿ ಹಾರಿ ಪಿಸ್ಟನ್ ಕೆಳಕ್ಕೆ ಬಂದಾಗ ಮೊದಲು ಹೊಗೆಯ ಕಿಂಡಿ ತೆರೆಯುತ್ತದೆ, ಬಳಿಕ ಪಕ್ಕದ ಕಿಂಡಿಗಳು ತೆರೆಯುತ್ತವೆ. ಕೆಳಗೆ ಒತ್ತಿಕೊಂಡ ಹೊಸ ಮಿಶ್ರಣ ಆ ಕಿಂಡಿಗಳ ಮೂಲಕ ಮೇಲಕ್ಕೆ ನುಗ್ಗುತ್ತದೆ. ವಾಲ್ವಿಲ್ಲ, ಅದನ್ನು ಎತ್ತಿ ಇಳಿಸುವ ಕ್ಯಾಮ್ ಇಲ್ಲ. ಪಿಸ್ಟನ್ನೇ ಬಾಗಿಲು, ಪಿಸ್ಟನ್ನೇ ಬಾಗಿಲು ಕಾಯುವವ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ ಸಿಗುವ ಬಲ ಇಲ್ಲಿ ಪ್ರತಿ ಸುತ್ತಿಗೂ ಸಿಗುತ್ತದೆ. ಆ ಕಾಲದ ಹುಡುಗರಿಗೆ ಈ ಗಾಡಿಗಳ ಎಳೆತ ರುಚಿಸಿದ್ದು ಇದರಿಂದಲೇ.

ಈಗ ತಿದಿಗೆ ಒಂದು ತೂತು ಬಿದ್ದರೆ? ಕ್ರ್ಯಾಂಕ್ ಶಾಫ್ಟಿನ ಎರಡು ತುದಿಗಳು ಆ ಕೋಣೆಯಿಂದ ಹೊರಕ್ಕೆ ಬರಬೇಕಲ್ಲ, ಅಲ್ಲಿ ಎರಡು ರಬ್ಬರ್ ಆಯಿಲ್ ಸೀಲುಗಳಿರುತ್ತವೆ. ಯೆಜ್ಡಿಯಲ್ಲಿ ಎಡಗಡೆಯ ಸೀಲಿನಾಚೆ ಕ್ಲಚ್ಚು ಮತ್ತು ಗೇರುಪೆಟ್ಟಿಗೆಯ ಎಣ್ಣೆ. ಬಲಗಡೆಯ ಸೀಲಿನಾಚೆ ವಿದ್ಯುತ್ ಉತ್ಪಾದಿಸುವ ಡೈನಮೋ, ಅಂದರೆ ಬರಿಯ ಗಾಳಿ. ಎಡಗಡೆಯ ಸೀಲು ಹೋದರೆ ತಿದಿ ಗೇರಿನ ಎಣ್ಣೆಯನ್ನು ಹೀರುತ್ತದೆ. ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ, ಗೇರಿನ ಎಣ್ಣೆ ದಿನೇ ದಿನೇ ಕಡಿಮೆ. ಇದು ಕಣ್ಣಿಗೆ ಕಾಣುವ ರೋಗ, ಆದ್ದರಿಂದ ಅಷ್ಟು ಅಪಾಯಕರವಲ್ಲ. ಬಲಗಡೆಯದು ಹೋದರೆ ಹೊಗೆ ಹೆಚ್ಚುವುದಿಲ್ಲ. ಕಾರ್ಬೊರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಸೇರಿ ಮಿಶ್ರಣ ತೆಳುವಾಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಎಣ್ಣೆ ಬರುವುದೂ ಪೆಟ್ರೋಲಿನ ಜೊತೆಯಲ್ಲೇ. ಹೀಗೆ ಒಂದೇ ಸಲಕ್ಕೆ ಉರಿಯ ಬಿಸಿ ಏರುತ್ತದೆ, ಜಾರುವ ಎಣ್ಣೆ ಇಳಿಯುತ್ತದೆ. ಪಿಸ್ಟನ್ ಅಲ್ಯೂಮಿನಿಯಮ್ಮಿನದು; ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಬಿಸಿಗೆ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಿಗ್ಗಿದ ಪಿಸ್ಟನ್ ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು 'ಸೀಜ್ ಆಯ್ತು' ಎನ್ನುವುದು ಇದಕ್ಕೇ. ಗಾಡಿ ಓಡುತ್ತಿರುವಾಗ ಹೀಗಾದರೆ ಹಿಂದಿನ ಚಕ್ರ ಹಠಾತ್ತಾಗಿ ನಿಂತು ಸವಾರ ನೆಲಕ್ಕೆ ಬೀಳುತ್ತಾನೆ. ಎಂಜಿನ್ ಬಿಗಿಯುತ್ತಿದೆ ಎಂದು ಅನ್ನಿಸಿದ ಕ್ಷಣವೇ ಕ್ಲಚ್ಚು ಹಿಡಿಯಬೇಕೆಂದು ಹಳಬರು ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲಿಟ್ಟು ಓಡಿಸುತ್ತಿದ್ದರು.

ಹುಡುಗನ ಮನೆಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಇದು: "ನಿಲ್ಲುವ ಮೊದಲು ಗಾಡಿ ಹೇಗೆ ವರ್ತಿಸುತ್ತಿತ್ತು?" ಅಪ್ಪ ಸ್ವಲ್ಪ ಯೋಚಿಸಿ ಹೇಳಿದರು: "ಆಕ್ಸಿಲೇಟರ್ ಬಿಟ್ಟರೂ ಎಂಜಿನ್ ಸದ್ದು ಬೇಗ ಇಳೀತಿರಲಿಲ್ಲ. ಹೊಸ ಬೋರಿನ ಜೋರು ಅಂದುಕೊಂಡಿದ್ದೆವು." ಬಲಗಡೆಯ ಸೀಲಿನ ಲಕ್ಷಣವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪುಸ್ತಕವೂ ಹೇಳಲಾರದು. ಎರಡು ಸಲವೂ ಸವೆದ ಸಿಲಿಂಡರನ್ನು ಕೊರೆದು ಹೊಸ ಪಿಸ್ಟನ್ ಹಾಕಿದ್ದರು. ಅದು ಯಾಕೆ ಕಚ್ಚಿಕೊಂಡಿತೆಂದು ಯಾರೂ ಕೇಳಿರಲಿಲ್ಲ. ಆಗಿನ ಮೆಕ್ಯಾನಿಕ್‌ನನ್ನು ದೂರಿ ಪ್ರಯೋಜನವಿಲ್ಲ. ಸಂಜೆಯೊಳಗೆ ಗಾಡಿ ಬೇಕೆಂದು ಅವಸರ ಮಾಡುವವರು ನಾವೇ ತಾನೆ?

ಬಿಚ್ಚುವ ಮೊದಲು

ವರ್ಷಗಟ್ಟಲೆ ನಿಂತ ಗಾಡಿಯನ್ನು ಕಂಡ ಕೂಡಲೇ ಎಲ್ಲರೂ ಮಾಡುವ ಕೆಲಸ ಕಿಕ್ ಹೊಡೆಯುವುದು. ದಯವಿಟ್ಟು ಮಾಡಬೇಡಿ. ತುಕ್ಕು ಹಿಡಿದ ಗೋಡೆಯಲ್ಲಿ ರಿಂಗುಗಳು ಅಂಟಿಕೊಂಡಿರುತ್ತವೆ. ಬಲವಂತ ಮಾಡಿದರೆ ರಿಂಗು ಕಿಂಡಿಗೆ ಸಿಕ್ಕಿ ತುಂಡಾಗುತ್ತದೆ, ತುಂಡು ಸಿಲಿಂಡರನ್ನು ಗೀರುತ್ತದೆ. ಯೆಜ್ಡಿಯಲ್ಲಿ ಇನ್ನೊಂದು ವಿಶೇಷವಿದೆ: ಕಿಕ್ ಲಿವರೇ ಮಡಿಸಿಕೊಂಡು ಗೇರ್ ಲಿವರ್ ಆಗುತ್ತದೆ. ಅದನ್ನು ಹಾಳುಮಾಡಿದರೆ ಎರಡೂ ಹೋದಂತೆ.

ಪ್ಲಗ್ಗು ಬಿಚ್ಚಿ, ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಆ ತೂತಿನಲ್ಲಿ ಹಾಕಿ, ನಾಲ್ಕಾರು ದಿನ ಬಿಟ್ಟುಬಿಡಿ. ಬಳಿಕ ಗಾಡಿಯನ್ನು ದೊಡ್ಡ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮೇಲಿನ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಿ. ನಮ್ಮ ಹುಡುಗನಿಗೆ ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಚಕ್ರ ಒಂದು ಅಂಗುಲ ಸರಿಯಿತು.

ಮಧುಗಿರಿ, ಶಿರಾ, ಪಾವಗಡದ ಸೀಮೆಗೆ ಒಂದು ಅನುಕೂಲವಿದೆ, ಒಂದು ತೊಡಕಿದೆ. ಇಲ್ಲಿನ ಗಾಳಿ ಒಣ. ಕರಾವಳಿಯಲ್ಲಾಗಿದ್ದರೆ ಇಷ್ಟು ವರ್ಷದಲ್ಲಿ ಮಡ್‌ಗಾರ್ಡು ಪುಡಿಪುಡಿಯಾಗುತ್ತಿತ್ತು. ಇಲ್ಲಿ ಬಣ್ಣದಡಿಯ ತಗಡು ಗಟ್ಟಿಯಾಗಿಯೇ ಉಳಿದಿತ್ತು. ತೊಡಕೆಂದರೆ ಧೂಳು, ಮತ್ತು ಇಲಿ. ಗಾಳಿಶೋಧಕದ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿತ್ತು. ಸೈಲೆನ್ಸರಿನೊಳಗೆ ಕಡಲೆಕಾಯಿ ಸಿಪ್ಪೆ ಬೊಗಸೆ ತುಂಬ ಸಿಕ್ಕಿತು. ಅದನ್ನು ತೆಗೆಯದೆ ಕಿಕ್ ಹೊಡೆದಿದ್ದರೆ ಆ ಕಸವೆಲ್ಲ ಎಂಜಿನ್ನಿನ ಹೊಟ್ಟೆಗೆ ಹೋಗುತ್ತಿತ್ತು.

ಬಿಚ್ಚುವಾಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಬೋಲ್ಟು ಎಲ್ಲಿಂದ ಬಂತು, ವಾಷರ್ ಮೇಲಿತ್ತೋ ಕೆಳಗಿತ್ತೋ ಎಂದು ಬರೆದು, ಅದೇ ಸಂಖ್ಯೆಯ ಖಾಲಿ ಡಬ್ಬಿಗೆ ಹಾಕಿ. ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಆದರೆ ಬರೆಯುವುದನ್ನು ಬಿಡಬೇಡಿ. ಬರೆಯಲು ನಿಂತಾಗ ಕಣ್ಣು ಸರಿಯಾಗಿ ನೋಡುತ್ತದೆ.

ಅಳತೆಯ ಮಾತು

ಸಿಲಿಂಡರ್ ಎತ್ತಿದಾಗ ಪಿಸ್ಟನ್ನಿನ ತಲೆಯ ಮೇಲೆ 0.50 ಎಂಬ ಅಂಕಿ ಕಂಡಿತು. ಅದು ಗಾಡಿಯ ಇತಿಹಾಸದ ಪುಟ. ಕಾರ್ಖಾನೆಯಿಂದ ಬಂದಾಗ ಸಿಲಿಂಡರಿನ ಒಳವ್ಯಾಸ 65 ಮಿ.ಮೀ. ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ 75 ಮಿ.ಮೀ. ನೀವೇ ಲೆಕ್ಕ ಮಾಡಿ: ತ್ರಿಜ್ಯದ ವರ್ಗವನ್ನು ಪೈಯಿಂದ ಗುಣಿಸಿ, ಎತ್ತರದಿಂದ ಗುಣಿಸಿದರೆ ಸುಮಾರು 249 ಘನ ಸೆಂಟಿಮೀಟರು. '250 ಸಿಸಿ' ಎಂಬ ಮಾತಿನ ಮೂಲ ಇದು. ಗೋಡೆ ಸವೆದಾಗ ಅಥವಾ ಗೀರಿದಾಗ ಲೇತ್ ಅಂಗಡಿಯಲ್ಲಿ ಅದನ್ನು ಕಾಲು ಮಿ.ಮೀ., ಅರ್ಧ ಮಿ.ಮೀ. ಹೀಗೆ ಹಂತ ಹಂತವಾಗಿ ಅಗಲಿಸಿ, ಆ ಅಳತೆಯ ದೊಡ್ಡ ಪಿಸ್ಟನ್ ಹಾಕುತ್ತಾರೆ. 0.50 ಎಂದರೆ ಒಳವ್ಯಾಸ ಈಗ 65.5. ಒಂದು ಪೂರ್ತಿ ಮಿ.ಮೀ. ಅಗಲಿಸಿದರೂ ಹೆಚ್ಚುವುದು ಸುಮಾರು 8 ಸಿಸಿ ಮಾತ್ರ. 'ಬೋರ್ ಮಾಡಿಸಿದರೆ ಗಾಡಿ ಜೋರು' ಎನ್ನುವವರಿಗೆ ಈ ಲೆಕ್ಕ ತೋರಿಸಿ. ಗೋಡೆಯ ಲೋಹ ಮಾತ್ರ ಪ್ರತಿ ಸಲವೂ ಕಡಿಮೆಯಾಗುತ್ತ ಹೋಗುತ್ತದೆ, ಒಂದು ದಿನ ಮುಗಿಯುತ್ತದೆ. ಆದ್ದರಿಂದಲೇ ಕಾರಣ ಹುಡುಕದೆ ಬೋರ್ ಮಾಡಿಸುವುದು ಮೂಲಧನ ಕರಗಿಸಿದಂತೆ.

ಇನ್ನೊಂದು ಲೆಕ್ಕ. ಎಂಜಿನ್ ನಿಮಿಷಕ್ಕೆ 4,500 ಸುತ್ತು ತಿರುಗಿದರೆ ಸೆಕೆಂಡಿಗೆ 75 ಸುತ್ತು. ಒಂದು ಸುತ್ತಿನಲ್ಲಿ ಪಿಸ್ಟನ್ ಓಡುವ ದೂರ 15 ಸೆಂ.ಮೀ. ಅಂದರೆ ಸೆಕೆಂಡಿಗೆ 11 ಮೀಟರಿಗೂ ಹೆಚ್ಚು, ಅದೂ ಪ್ರತಿ ತುದಿಯಲ್ಲಿ ನಿಂತು ಹಿಂದಿರುಗುತ್ತ. ಗೋಡೆಗೂ ಪಿಸ್ಟನ್ನಿಗೂ ನಡುವಿನ ಅಂತರ ಕೂದಲೆಳೆಯಷ್ಟು. ಆ ಅಂತರವನ್ನು ಬೆರಳಿನ ಅಂದಾಜಿಗೆ ಬಿಡಬಾರದು. ಮೈಕ್ರೊಮೀಟರು, ಬೋರ್ ಗೇಜು ಇರುವ ಅಂಗಡಿಯಲ್ಲೇ ಈ ಕೆಲಸ ಮಾಡಿಸಬೇಕು. ನಮ್ಮ ಹುಡುಗ ಸಿಲಿಂಡರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತುಮಕೂರಿಗೆ ಹೋದ. ಸೀಲು, ಬೇರಿಂಗುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಬೇಕಾಯಿತು. ಸೀಲಿನ ಮೇಲೆ ಮೂರು ಅಂಕಿಗಳಿರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಹಳೆಯ ಸೀಲನ್ನು ಕೈಯಲ್ಲೇ ಒಯ್ದು ಹೋಲಿಸಿ ತರುವುದು ಲೇಸು.

ಶಿರಾದ ಹಿರಿಯ ಮೇಸ್ತ್ರಿಯೊಬ್ಬರು ಎಂಜಿನ್ ಜೋಡಿಸಿಕೊಟ್ಟರು. ಜೋಡಿಸಿದ ಮೇಲೆ ಅವರು ಮಾಡಿದ ಪರೀಕ್ಷೆ ನೀವು ನೆನಪಿಡಬೇಕಾದದ್ದು. ಕಾರ್ಬೊರೇಟರಿನ ದಾರಿಯನ್ನೂ ಎರಡು ಹೊಗೆಕೊಳವೆಯ ದಾರಿಗಳನ್ನೂ ರಬ್ಬರ್ ಹಾಕಿ ಬಿಗಿಯಾಗಿ ಮುಚ್ಚಿದರು. ಪ್ಲಗ್ಗಿನ ತೂತಿನಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ, ಸ್ವಲ್ಪವೇ ಗಾಳಿ ತುಂಬಿದರು. ಸೀಲಿನ ಬಾಯಿ, ಗ್ಯಾಸ್ಕೆಟ್ಟಿನ ಅಂಚಿಗೆ ಸಾಬೂನು ನೀರು ಹಚ್ಚಿದರು. ಗುಳ್ಳೆ ಬರಲಿಲ್ಲ. "ಮೇಷ್ಟ್ರ ಮೊಮ್ಮಗನೇ, ಈಗ ತಿದಿ ಸರಿ ಇದೆ ನೋಡಪ್ಪ" ಎಂದರು. ಸಾಬೂನು ನೀರಿನ ಈ ಪರೀಕ್ಷೆಗೆ ಖರ್ಚೇ ಇಲ್ಲ. ಇಪ್ಪತ್ತು ವರ್ಷದ ಹಿಂದೆ ಯಾರಾದರೂ ಮಾಡಿದ್ದರೆ ಮೇಷ್ಟ್ರು ಇನ್ನಷ್ಟು ಕಾಲ ಆ ಗಾಡಿಯಲ್ಲೇ ಶಾಲೆಗೆ ಹೋಗುತ್ತಿದ್ದರು.

ಟ್ಯಾಂಕು ಮತ್ತು ಇಂದಿನ ಪೆಟ್ರೋಲು

ಟ್ಯಾಂಕಿನೊಳಗೆ ತುಕ್ಕು ತುಂಬಿರುತ್ತದೆ. ತುಕ್ಕೆಂದರೆ ಕಬ್ಬಿಣದ ಆಕ್ಸೈಡು. ಸೌಮ್ಯ ಆಮ್ಲದಲ್ಲಿ ಕರಗುತ್ತದೆ. ಹುಣಸೆಹುಳಿಯಿಂದ ತಾಮ್ರದ ಬಿಂದಿಗೆ ಬೆಳಗುವ ನಮ್ಮ ಅಜ್ಜಿಯರಿಗೆ ಈ ರಸಾಯನಶಾಸ್ತ್ರ ಗೊತ್ತಿತ್ತು. ಕಿರಾಣಿ ಅಂಗಡಿಯ ನಿಂಬೆಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಇದಕ್ಕೆ ಸಾಕು. ನೀರಿನಲ್ಲಿ ಕರಗಿಸಿ ಟ್ಯಾಂಕಿಗೆ ತುಂಬಿ, ಒಂದೆರಡು ದಿನ ಬಿಟ್ಟು ಚೆಲ್ಲಿ. ಬಳಿಕ ವಾಷಿಂಗ್ ಸೋಡದ ನೀರಿನಿಂದ ಆಮ್ಲವನ್ನು ತಟಸ್ಥಗೊಳಿಸಿ, ಕೂಡಲೇ ಒಣಗಿಸಿ, ಒಳಗೆಲ್ಲ ಎಣ್ಣೆ ಆಡಿಸಬೇಕು. ತಡವಾದರೆ ಅರ್ಧ ಗಂಟೆಯಲ್ಲೇ ಹೊಸ ತುಕ್ಕು ಕೆಂಪಗೆ ಕೂರುತ್ತದೆ. ಅಂಗಡಿಯ ಗಟ್ಟಿ ಆಸಿಡ್ ಬೇಡ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ. ಇನ್ನೊಂದು ಎಚ್ಚರಿಕೆ: ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕರ. ಒಳಗುಳಿದ ಪೆಟ್ರೋಲ್ ಆವಿ ಗಾಳಿಯೊಡನೆ ಬೆರೆತು ಸಿಡಿಮದ್ದಿನಂತಿರುತ್ತದೆ. ಸಂಪೂರ್ಣವಾಗಿ ತೊಳೆಯದ ಟ್ಯಾಂಕಿಗೆ ಬೆಸುಗೆ ಹಾಕಿಸಬಾರದು.

ಮೇಷ್ಟ್ರ ಕಾಲದಲ್ಲಿ ಇರದಿದ್ದ ಒಂದು ಸಮಸ್ಯೆ ಈಗ ಇದೆ. ಇಂದು ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಹೆಚ್ಚು ನೀರು ಸೇರಿದಾಗ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಅಲ್ಲಿ ಎಣ್ಣೆಯೂ ಇರುವುದಿಲ್ಲ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಉಪನ್ಯಾಸಕರ ಎದುರಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಅಳತೆಯ ಜಾಡಿಗೆ ಪೆಟ್ರೋಲು ಹಾಕಿ ಸ್ವಲ್ಪ ನೀರು ಸೇರಿಸಿ ಕುಲುಕಿ ನೋಡಬಹುದು. ಹಾಕಿದ ನೀರಿಗಿಂತ ತಳದ ಪದರ ಹೆಚ್ಚಿರುತ್ತದೆ, ಹೆಚ್ಚಾದದ್ದು ಎಥನಾಲ್. ಹಳೆಯ ಗಾಡಿಯ ರಬ್ಬರ್ ಪೈಪುಗಳನ್ನೂ ಅದು ಉಬ್ಬಿಸಿ ಮೆತ್ತಗಾಗಿಸುತ್ತದೆ.

ಇನ್ನೂ ಮುಖ್ಯವಾದ ಮಾತು ಮಿಶ್ರಣದ್ದು. ಒಂದು ಗ್ರಾಂ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥನಾಲಿಗೆ ಸುಮಾರು 9 ಗ್ರಾಂ ಸಾಕು. ಶೇ. 20 ಬೆರಕೆಗೆ ಅದು 13.5ರ ಹತ್ತಿರ ಬರುತ್ತದೆ. ಹಳೆಯ ಕಾರ್ಬೊರೇಟರಿಗೆ ಇದು ತಿಳಿಯದು. ಅದು ಹಳೆಯ ಲೆಕ್ಕದಲ್ಲೇ ಸುರಿಯುತ್ತದೆ, ಮಿಶ್ರಣ ಶೇ. 8ರಷ್ಟು ತೆಳುವಾಗುತ್ತದೆ. ತೆಳು ಮಿಶ್ರಣ ಏನು ಮಾಡುತ್ತದೆಂದು ನಿಮಗೆ ಈಗ ಗೊತ್ತು. ಆದ್ದರಿಂದ ಹೊಸ ಪೈಪು, ಕಾರ್ಬೊರೇಟರಿಗೆ ಒಂದು ಹಂತ ದೊಡ್ಡ ಜೆಟ್ಟು ಹಾಕಿಸಬೇಕಾಗಬಹುದು. ಎಣ್ಣೆಯನ್ನು ಕಣ್ಣಳತೆಯಲ್ಲಿ ಸುರಿಯಬಾರದು. ಲೀಟರಿಗೆ 40 ಮಿ.ಲೀ. ಎಂದರೆ 25ಕ್ಕೆ 1. ಹೊಸ ಬೋರಿನ ದಿನಗಳಲ್ಲಿ ಇದಕ್ಕಿಂತ ಕಡಿಮೆ ಮಾಡುವುದು ಜಾಣತನವಲ್ಲ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಪೆಟ್ರೋಲನ್ನು ಖಾಲಿ ಮಾಡಿಯೇ ನಿಲ್ಲಿಸಿ.

ಕಿಡಿ, ಬ್ರೇಕು, ಬಣ್ಣ

ಹಳೆಯ ಗಾಡಿಯಲ್ಲಿ ಕಿಡಿ ಹಾರಿಸುವುದು ಪಾಯಿಂಟು ಎಂಬ ಪುಟ್ಟ ಜೋಡಿ ತುಟಿಗಳು. ಅವು ತೆರೆದ ಕ್ಷಣ ಕಾಯಿಲಿನಲ್ಲಿ ಹೆಚ್ಚಿನ ವೋಲ್ಟೇಜು ಹುಟ್ಟುತ್ತದೆ. ವಿದ್ಯುತ್ಕಾಂತ ಪ್ರೇರಣೆಯ ಪಾಠ ಇಲ್ಲಿ ಕಣ್ಣಿಗೆ ಕಾಣುತ್ತದೆ. ತೆರೆಯುವ ಅಂತರ ಸುಮಾರು 0.4 ಮಿ.ಮೀ.; ಫೀಲರ್ ಗೇಜಿನಿಂದ ಅಳೆಯಬೇಕು. ಪಿಸ್ಟನ್ ತುತ್ತತುದಿಗೆ ಬರುವುದಕ್ಕೆ ಸ್ವಲ್ಪ ಮೊದಲೇ ಕಿಡಿ ಹಾರಬೇಕು, ಏಕೆಂದರೆ ಉರಿ ಹಬ್ಬಲು ಸಮಯ ಬೇಕು. ಒಂದು ಸುತ್ತಿಗೇ ಸೆಕೆಂಡಿನ 75ನೆಯ ಒಂದು ಭಾಗ ಮಾತ್ರ ಸಿಗುವಾಗ ತಡವಾದರೆ ಬಲ ಸೋರಿಹೋಗುತ್ತದೆ, ತೀರ ಬೇಗವಾದರೆ ಬಿಸಿ ಏರಿ ಮತ್ತೆ ಸೀಜ್ ಆಗುವ ಭಯ. ಎಷ್ಟು ಮೊದಲು ಎಂಬುದಕ್ಕೆ ನಿಮ್ಮ ಮಾದರಿಯ ಕೈಪಿಡಿಯ ಅಂಕಿಯೇ ಅಂತಿಮ. ಪಕ್ಕದ ಮನೆಯ ಗಾಡಿಯ ಅಂಕಿಯಲ್ಲ.

ಎಂಜಿನ್ ಓಡುವ ಮೊದಲು ಬ್ರೇಕು ಹಿಡಿಯಬೇಕು. ಎಷ್ಟೋ ಜನ ಇದನ್ನು ತಲೆಕೆಳಗೆ ಮಾಡುತ್ತಾರೆ. ಡ್ರಮ್ಮಿನೊಳಗಿನ ಹಳೆಯ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಇರಬಹುದು. ಆ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಟಯರಿನಲ್ಲಿ ಹಲ್ಲು ಎಷ್ಟೇ ಚೆನ್ನಾಗಿ ಕಂಡರೂ ಹಳೆಯ ರಬ್ಬರು ನಂಬಿಕೆಗೆ ಅರ್ಹವಲ್ಲ. ಈಗಿನ ಟಯರುಗಳ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಕೊಳ್ಳುವಾಗ ನೋಡಿ.

ಬಣ್ಣದ ವಿಷಯದಲ್ಲಿ ನನ್ನದು ಸ್ವಲ್ಪ ಹಳೇ ಕಾಲದ ಹಠ. ಹಿಂದೊಮ್ಮೆ ನನ್ನ ಸ್ವಂತ ಗಾಡಿಗೆ ಹೊಳೆಯುವ ಹೊಸ ಬಣ್ಣ ಬಳಿಸಿ, ಕಾರ್ಖಾನೆಯಲ್ಲಿ ಎಳೆದ ಗೆರೆಗಳನ್ನು ನಾನೇ ಅಳಿಸಿಹಾಕಿದೆ. ಅವು ಹೇಗಿದ್ದವೆಂದು ಇಂದು ತೋರಿಸಲು ನನ್ನಲ್ಲಿ ಒಂದು ಚಿತ್ರವೂ ಇಲ್ಲ. ಮೂಲ ಬಣ್ಣ ಅರ್ಧ ಉಳಿದಿದ್ದರೂ ತೊಳೆದು, ಮೇಣ ಹಚ್ಚಿ ಹಾಗೆಯೇ ಬಿಡಿ. ಮೇಷ್ಟ್ರ ಟ್ಯಾಂಕಿನ ಮೇಲೆ ಅವರ ಮೊಣಕಾಲು ತಾಗಿ ಸವೆದ ಎರಡು ಗುರುತುಗಳಿದ್ದವು. ಮೊಮ್ಮಗ ಅದನ್ನು ಮುಟ್ಟಲಿಲ್ಲ.

ಕಾಗದಪತ್ರವನ್ನು ಮರೆಯಬೇಡಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ನಮೂನೆ 25ರಲ್ಲಿ ಅರ್ಜಿ ಕೊಟ್ಟು, ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ನಮೂನೆ 31. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಎರಡೂ ಆರ್.ಸಿ.ಯೊಡನೆ ತಾಳೆಯಾಗಬೇಕು. ಮಧುಗಿರಿಗೆ ಈಗ ಕೆಎ-64 ಸಂಖ್ಯೆಯ ಸ್ವಂತ ಸಾರಿಗೆ ಕಚೇರಿ ಇರುವುದರಿಂದ ತುಮಕೂರಿಗೆ ಅಲೆಯಬೇಕಿಲ್ಲ. 2021ರಲ್ಲಿ ಬಂದ 'ವಿಂಟೇಜ್' ನಿಯಮ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಗಾಡಿಗಳಿಗೆ ಮಾತ್ರ. ಕಾಗದವಿಲ್ಲದ ಗಾಡಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಅದು ಕಳವಿನದಾದರೆ ಉತ್ತರ ಹೇಳಬೇಕಾದವರು ನೀವು. ಮತ್ತು 18 ತುಂಬದೆ ರಸ್ತೆಗೆ ಇಳಿಯುವಂತಿಲ್ಲ. ಇಳಿದರೆ ಶಿಕ್ಷೆ ನಿಮ್ಮ ಅಪ್ಪನಿಗೂ ಆಗುತ್ತದೆ.

ಒಂದು ಸತ್ಯವನ್ನು ಅಭಿಮಾನದಿಂದ ಮುಚ್ಚಿಡಬಾರದು. ಟೂ ಸ್ಟ್ರೋಕ್‌ನಲ್ಲಿ ಹೊಗೆಯ ಕಿಂಡಿಯೂ ಮಿಶ್ರಣದ ಕಿಂಡಿಯೂ ಒಟ್ಟಿಗೆ ತೆರೆದಿರುವ ಹೊತ್ತಿನಲ್ಲಿ ಸ್ವಲ್ಪ ಹೊಸ ಪೆಟ್ರೋಲು ಉರಿಯದೆ ಹೊರಗೆ ಹೋಗುತ್ತದೆ, ಜೊತೆಗೆ ಎಣ್ಣೆಯ ಹೊಗೆ. ಮಾಲಿನ್ಯದ ನಿಯಮಗಳು ಬಿಗಿಯಾದಂತೆ ಈ ಬಗೆಯ ಮೋಟಾರ್‌ಸೈಕಲ್ಲುಗಳು ಹಿಂದೆ ಸರಿದದ್ದು ನ್ಯಾಯವೇ. ಹಾಗಾಗಿ ಇದನ್ನು ದಿನಾ ಕಾಲೇಜಿಗೆ ಓಡಿಸುವ ಗಾಡಿ ಮಾಡಿಕೊಳ್ಳಬೇಡಿ ಎಂದೇ ನನ್ನ ಸಲಹೆ. ಹದಿನೈದು ದಿನಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ನಮ್ಮ ಕಡೆಯ ಧೂಳಿಗೆ ಗಾಳಿಶೋಧಕವನ್ನು ಕೈಪಿಡಿ ಹೇಳಿದ್ದಕ್ಕಿಂತ ಬೇಗ ತೊಳೆಯಿರಿ. ಸೈಲೆನ್ಸರಿನೊಳಗಿನ ಕೊಳವೆಯಲ್ಲಿ ಮಸಿ ಕಟ್ಟಿದರೆ ಎಳೆತ ಕುಗ್ಗುತ್ತದೆ. ವರ್ಷಕ್ಕೊಮ್ಮೆ ಹೊರತೆಗೆದು ಕೆರೆದು ಹಾಕಿ. ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಜಾವಾ-ಯೆಜ್ಡಿ ದಿನ ಆಚರಿಸುತ್ತಾರೆ. ಅಲ್ಲಿಗೆ ಹೋದರೆ ನಿಮ್ಮ ಗಾಡಿಯಲ್ಲಿ ಕಾಣೆಯಾದ ಭಾಗ ಮೂಲದಲ್ಲಿ ಹೇಗಿತ್ತೆಂದು ಕಣ್ಣಾರೆ ನೋಡಬಹುದು.

ಹುಡುಗ ಕೇಳಿಕೊಂಡ ಒಂದು ವರ್ಷಕ್ಕೆ ಇನ್ನೂ ಮೂರು ವಾರ ಉಳಿದಿರುವಾಗ ಗಾಡಿ ಹೊರಗೆ ಬಂತು. ಹುಡುಗನಿಗೆ 18 ತುಂಬಿರಲಿಲ್ಲ. ಅಪ್ಪನೇ ಹೆಲ್ಮೆಟ್ ಹಾಕಿಕೊಂಡು ಕೂತರು, ಎರಡು ಬೆರಳು ಕ್ಲಚ್ಚಿನ ಮೇಲೆ. ಮಗನನ್ನು ಹಿಂದೆ ಕೂರಿಸಿಕೊಂಡು ಮಧುಗಿರಿಯ ಕಡೆಗೆ, ಏಕಶಿಲಾ ಬೆಟ್ಟ ಎದುರಿಗೆ ಕಾಣುವವರೆಗೆ, ಅರ್ಧ ಆಕ್ಸಿಲೇಟರಿನಲ್ಲೇ ಹೋದರು. ಬಿಟ್ಟರೆ ಸದ್ದು ಕೂಡಲೇ ಇಳಿಯುತ್ತಿತ್ತು. ರಸ್ತೆಯ ಪಕ್ಕದ ಹುಣಸೆಮರದ ಕೆಳಗೆ ನಿಲ್ಲಿಸಿದರು. ಎಂಜಿನ್ ಸ್ವಲ್ಪ ತಣಿದ ಮೇಲೆ ಹುಡುಗ ಪ್ಲಗ್ಗು ಬಿಚ್ಚಿದ. ಬೆಳ್ಳಗಿದ್ದರೆ ಮಿಶ್ರಣ ತೆಳು, ಕಪ್ಪಗೆ ಒದ್ದೆಯಾಗಿದ್ದರೆ ಅತಿ ದಟ್ಟ ಎಂದು ಮೇಸ್ತ್ರಿ ಹೇಳಿಕೊಟ್ಟಿದ್ದರು. ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಅಪ್ಪನಿಗೆ ತೋರಿಸಿದ. ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು.

"ಹಾಕು, ಇನ್ನೊಂದು ಸ್ವಲ್ಪ ದೂರ ಹೋಗೋಣ" ಎಂದರು ಅಪ್ಪ.